ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ

ಹಳಗನ್ನಡದ ಓಲೆಗರಿಗಳೊಡನೆ ಒಂದಿಷ್ಟಾದರೂ ಒಡನಾಟವಿರುವವರಿಗೆ ಪಾಠಾಂತರವೆಂಬ ತೊಡಕು ಹೊಸದಲ್ಲ. ಒಂದೇ ಪದ್ಯಕ್ಕೆ ಮೂರು ಪ್ರತಿಗಳಲ್ಲಿ ಮೂರು ಪಾಠಗಳು ಇರುತ್ತವೆ. ಕವಿ ಬರೆದದ್ದು ಯಾವುದು, ಲಿಪಿಕಾರ ತಿದ್ದಿದ್ದು ಯಾವುದು ಎಂದು ತೀರ್ಮಾನಿಸಲು ಸಂಪಾದಕನು ಛಂದಸ್ಸನ್ನು ನೋಡುತ್ತಾನೆ, ಅರ್ಥವನ್ನು ನೋಡುತ್ತಾನೆ, ಔಚಿತ್ಯವನ್ನು ನೋಡುತ್ತಾನೆ. ಅದಾವುದೂ ಕೈಹಿಡಿಯದಿದ್ದಾಗ ತನ್ನ ಅಭಿರುಚಿಯನ್ನು ನಂಬುತ್ತಾನೆ. ನಮ್ಮ ಗ್ರಂಥಸಂಪಾದನೆಯ ವಾದವಿವಾದಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಕವಿಯೇ ಎದ್ದು ಬಂದು ಸಾಕ್ಷಿ ನುಡಿಯಲಾರನಷ್ಟೆ.

ಆದರೆ ಅಕ್ಷರಕ್ಕೆ ಅಕ್ಷರವನ್ನು ಪರೀಕ್ಷಿಸಿ, ಇದು ಸರಿ, ಇದು ತಪ್ಪು ಎಂದು ಸಂದೇಹವಿಲ್ಲದೆ ಹೇಳಬಹುದಾದ ಒಂದು ಪದ್ಯ ನಮ್ಮ ನಾಡಿನ ಪರಂಪರೆಯಲ್ಲಿ ಇದೆ. ಅದು ಪ್ರಾಕೃತದ ಒಂದು ಗಾಹೆ. ಅದರಲ್ಲಿ ಅಡಗಿರುವುದು ಇಪ್ಪತ್ತೊಂಬತ್ತು ಅಂಕಗಳ ಒಂದು ಮಹಾಸಂಖ್ಯೆ. ಕನ್ನಡ ಸಾಹಿತ್ಯವನ್ನು ಪಾಠ ಹೇಳುತ್ತ ವಯಸ್ಸು ಕಳೆದ ನಾನು ಗಣಿತಜ್ಞನಲ್ಲ. ಆದರೂ ಈ ಸಂಖ್ಯೆಯ ಕಥೆಯಲ್ಲಿ ಗಣಿತದಷ್ಟೇ ಸಾಹಿತ್ಯದ ಚರಿತ್ರೆಯೂ ಇರುವುದರಿಂದ ಅದನ್ನು ನಿಮ್ಮ ಮುಂದಿಡುವ ಧೈರ್ಯ ಮಾಡಿದ್ದೇನೆ. ಬಾನುಲಿಯಲ್ಲಿ ಇಂಥ ಸಂಖ್ಯೆಯನ್ನು ಬಾಯಲ್ಲಿ ಹೇಳಿ ಮುಗಿಸುವುದು ಸುಲಭವಲ್ಲ. ಕೇಳುಗರು ಒಂದು ಕಾಗದದ ಮೇಲೆ ಗುರುತು ಹಾಕಿಕೊಂಡರೆ ಅನುಕೂಲ. ಮೂರು ಮೂರು ಅಂಕಗಳಾಗಿ ಬಿಡಿಸಿದರೆ ಅದು ಹೀಗಿದೆ:

೭೯,೨೨೮,೧೬೨,೫೧೪,೨೬೪,೩೩೭,೫೯೩,೫೪೩,೯೫೦,೩೩೬

ಈ ಗಾಹೆ ಇರುವುದು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ. ಗ್ರಂಥಕರ್ತ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ. ಹತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮಹಾಮೂರ್ತಿಯನ್ನು ನಿಲ್ಲಿಸಿದ, ೯೭೮ರಲ್ಲಿ ಕನ್ನಡ ಗದ್ಯದ ‘ಚಾವುಂಡರಾಯ ಪುರಾಣ’ವನ್ನು ಮುಗಿಸಿದ ಚಾವುಂಡರಾಯನಿಗೆ ಈತ ಗುರುಸ್ಥಾನದಲ್ಲಿದ್ದವನು. ಗೊಮ್ಮಟನೆಂಬುದು ಆ ಶಿಷ್ಯನ ಹೆಸರು. ಗ್ರಂಥದ ಹೆಸರು ಅದರಿಂದ ಬಂದಿತು.

ಇಷ್ಟು ದೊಡ್ಡ ಸಂಖ್ಯೆಯನ್ನು ಒಂದು ಗಾಹೆಯಲ್ಲಿ ಅಡಗಿಸಿದ್ದು ಹೇಗೆ? ಅಕ್ಷರಗಳಿಗೆ ಅಂಕಗಳ ಬೆಲೆ ಕೊಡುವ ಕಟಪಯಾದಿ ಪದ್ಧತಿಯಿಂದ. ‘ಕ’ದಿಂದ ‘ಝ’ದವರೆಗೆ ಒಂದರಿಂದ ಒಂಬತ್ತು, ‘ಟ’ದಿಂದ ‘ಧ’ದವರೆಗೆ ಮತ್ತೆ ಒಂದರಿಂದ ಒಂಬತ್ತು, ‘ಪ’ದಿಂದ ‘ಮ’ದವರೆಗೆ ಒಂದರಿಂದ ಐದು, ‘ಯ’ದಿಂದ ‘ಹ’ದವರೆಗೆ ಒಂದರಿಂದ ಎಂಟು, ‘ಞ’ ಮತ್ತು ‘ನ’ ಸೊನ್ನೆ. ಸ್ವರಗಳಿಗೆ ಬೆಲೆಯಿಲ್ಲ. ಓದುವುದು ಬಲದಿಂದ ಎಡಕ್ಕೆ, ಅಂದರೆ ಮೊದಲು ಬಂದ ಅಕ್ಷರ ಬಿಡಿಸ್ಥಾನದ್ದು. ಸಂಗೀತ ಬಲ್ಲವರಿಗೆ ಇದು ಪರಿಚಿತವೇ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರುಗಳಿಂದ ಅವುಗಳ ಕ್ರಮಾಂಕ ಹೇಳುವುದು ಈ ಸೂತ್ರದಿಂದಲೇ. ಧೀರಶಂಕರಾಭರಣದಲ್ಲಿ ‘ಧೀ’ ಒಂಬತ್ತು, ‘ರ’ ಎರಡು, ತಿರುಗಿಸಿದರೆ ಇಪ್ಪತ್ತೊಂಬತ್ತು. ನಮ್ಮ ಸಂಖ್ಯೆಯ ಸ್ಥಾನಗಳೂ ಇಪ್ಪತ್ತೊಂಬತ್ತೇ ಎಂಬುದು ಕೇವಲ ಆಕಸ್ಮಿಕ.

ಗಾಹೆಯ ಕೊನೆಯ ಕೆಲವು ಪದಗಳು ಇದು ಪರ್ಯಾಪ್ತ ಮನುಷ್ಯರ ಸಂಖ್ಯೆ, ಅಂದರೆ ದೇಹೇಂದ್ರಿಯಾದಿ ಶಕ್ತಿಗಳು ಪೂರ್ಣಗೊಂಡ ಮನುಷ್ಯರ ಸಂಖ್ಯೆ, ಎಂದು ತಿಳಿಸುತ್ತವೆ. ಅದಕ್ಕೆ ಹಿಂದಿನ ಇಪ್ಪತ್ತೊಂಬತ್ತು ಅಕ್ಷರಗಳೇ ಇಪ್ಪತ್ತೊಂಬತ್ತು ಅಂಕಗಳು. ನಡುವೆ ಮೇರು ಎಂಬ ಶಬ್ದ ಬರುತ್ತದೆ. ‘ಮೇ’ ಐದು, ‘ರು’ ಎರಡು. ಕಾಗದದ ಮೇಲೆ ಬರೆದುಕೊಂಡವರು ಎಡದಿಂದ ಎಂಟನೆಯ ಮತ್ತು ಒಂಬತ್ತನೆಯ ಅಂಕಗಳನ್ನು ನೋಡಿದರೆ ಆ ಎರಡು ಮತ್ತು ಐದು ಅಲ್ಲಿ ಕುಳಿತಿರುವುದು ಕಾಣುತ್ತದೆ.

ಸಂಖ್ಯೆ ನೇಮಿಚಂದ್ರನ ಸೃಷ್ಟಿಯಲ್ಲ. ಅವನಿಗಿಂತ ಬಹಳ ಹಿಂದಿನ, ಶ್ವೇತಾಂಬರ ಆಗಮಗಳಲ್ಲೊಂದಾದ ‘ಅನುಯೋಗದ್ವಾರ ಸೂತ್ರ’ದಲ್ಲಿ ಇದರ ಪ್ರಸ್ತಾಪವಿದೆ. ಅಲ್ಲಿ ಅಂಕಗಳ ಸಾಲಿಲ್ಲ, ಲಕ್ಷಣಗಳಿವೆ. ಮನುಷ್ಯರ ಸಂಖ್ಯೆ ಇಪ್ಪತ್ತನಾಲ್ಕು ಸ್ಥಾನಗಳ ಮೇಲೆ, ಮೂವತ್ತೆರಡು ಸ್ಥಾನಗಳ ಕೆಳಗೆ ಇದೆ ಎಂಬುದು ಒಂದು. ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದರೆ ಬರುವುದು ಎಂಬುದು ಇನ್ನೊಂದು. ತೊಂಬತ್ತಾರು ಬಾರಿ ಅರ್ಧ ಮಾಡಬಹುದಾದ ರಾಶಿ ಎಂಬುದು ಮತ್ತೊಂದು. ವರ್ಗವೆಂದರೆ ಇಲ್ಲಿ ಎರಡರಿಂದ ಹೊರಟು, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸುತ್ತ ಹೋಗುವುದು. ಎರಡರ ವರ್ಗ ೪, ಅದರ ವರ್ಗ ೧೬, ಮೂರನೆಯದು ೨೫೬, ನಾಲ್ಕನೆಯದು ೬೫೫೩೬, ಐದನೆಯದು ೪೨೯೪೯೬೭೨೯೬, ಆರನೆಯದು ೧೮೪೪೬೭೪೪೦೭೩೭೦೯೫೫೧೬೧೬. ಚದುರಂಗದ ಹಲಗೆಯ ಮೇಲೆ ಕಾಳುಗಳನ್ನು ದ್ವಿಗುಣಿಸುತ್ತ ಹೋದ ಜಾಣನ ಕಥೆಯನ್ನು ಕೇಳಿದವರಿಗೆ ಈ ಕೊನೆಯದು ನೆನಪಿರಬಹುದು. ಅವನು ಕೇಳಿದ ಕಾಳುಗಳು ಇದಕ್ಕೆ ಒಂದೇ ಒಂದು ಕಡಿಮೆ.

ಜೈನ ಗಣಿತಜ್ಞರು ಈ ವರ್ಗಗಳೊಡನೆ ಎಷ್ಟು ಸಲಿಗೆಯಿಂದಿದ್ದರೆಂದರೆ ಅವಕ್ಕೆ ಮನೆಮಕ್ಕಳಿಗೆ ಇಡುವಂತೆ ಅಡ್ಡಹೆಸರು ಇಟ್ಟರು. ಅರವತ್ತೈದರಿಂದ ತೊಡಗುವ ನಾಲ್ಕನೆಯ ವರ್ಗ ‘ಪಣ್ಣಟ್ಠಿ’; ನಲವತ್ತೆರಡರಿಂದ ತೊಡಗುವ ಐದನೆಯದು ‘ಬಾದಾಲ’. ಪ್ರಾಕೃತದಲ್ಲಿ ಅರವತ್ತೈದು, ನಲವತ್ತೆರಡು ಎಂದು ಇವುಗಳ ಅರ್ಥ. ಮುಖ ನೋಡಿ ಮನುಷ್ಯನನ್ನು ಗುರುತಿಸುವಂತೆ ಮೊದಲೆರಡು ಅಂಕಗಳಿಂದ ಸಂಖ್ಯೆಯನ್ನು ಗುರುತಿಸುವ ಕ್ರಮ ಇದು.

ಈಗ ಈ ಸಂಖ್ಯೆಯ ಗುಣಗಳನ್ನು ನೋಡೋಣ. ಇವುಗಳಲ್ಲಿ ಪ್ರಧಾನವಾದದ್ದು ‘ಅರ್ಧಚ್ಛೇದ’. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಎಷ್ಟು ಬಾರಿ ಅರ್ಧ ಮಾಡಬಹುದೋ ಅಷ್ಟು ಅದರ ಅರ್ಧಚ್ಛೇದ. ಹದಿನಾರಕ್ಕೆ ನಾಲ್ಕು, ಮೂವತ್ತೆರಡಕ್ಕೆ ಐದು. ಈ ಕಲ್ಪನೆಯನ್ನು ವಿಸ್ತಾರವಾಗಿ ಬೆಳೆಸಿದವನು ‘ಷಟ್ಖಂಡಾಗಮ’ಕ್ಕೆ ‘ಧವಲಾ’ ಎಂಬ ಮಹಾವ್ಯಾಖ್ಯಾನ ಬರೆದ ವೀರಸೇನ. ಅದು ಮುಗಿದದ್ದು ೮೧೬ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಕಾಲ. ಅವನ ಶಿಷ್ಯ ಜಿನಸೇನನು ನಮ್ಮ ಅಮೋಘವರ್ಷ ನೃಪತುಂಗನಿಗೆ ಪೂಜ್ಯನಾಗಿದ್ದವನು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದರೆ ಕಳೆಯುತ್ತವೆ, ವರ್ಗ ಮಾಡಿದರೆ ಇಮ್ಮಡಿಯಾಗುತ್ತವೆ ಎಂಬ ನಿಯಮಗಳು ‘ಧವಲಾ’ದಲ್ಲಿವೆ. ಐದನೆಯ ವರ್ಗದ ಅರ್ಧಚ್ಛೇದ ಮೂವತ್ತೆರಡು, ಆರನೆಯದರದು ಅರವತ್ತನಾಲ್ಕು. ಎರಡನ್ನೂ ಗುಣಿಸಿದರೆ ಬರುವ ನಮ್ಮ ಸಂಖ್ಯೆಯದು ತೊಂಬತ್ತಾರು. ಇಪ್ಪತ್ತೊಂಬತ್ತು ಅಂಕಗಳ ಗುಣಾಕಾರ ಎರಡು ಅಂಕಗಳ ಸಂಕಲನವಾಗಿ ಬಿಟ್ಟಿತು! ೧೬೧೪ರಲ್ಲಿ ಸ್ಕಾಟ್ಲೆಂಡಿನ ನೇಪಿಯರ್ ಪ್ರಕಟಿಸಿದ ಲಾಗರಿದಮ್‌ನ ಹಿಂದೆ ಇರುವ ತತ್ತ್ವವೂ ಇದೇ. ಆದರೆ ನೇಪಿಯರ್ ಕೊಟ್ಟದ್ದು ಎಲ್ಲ ಲೆಕ್ಕಕ್ಕೂ ಒದಗುವ ಕೋಷ್ಟಕ; ವೀರಸೇನನದು ಪೂರ್ಣವಾಗಿ ಅರ್ಧವಾಗುವ ರಾಶಿಗಳ ವಿಚಾರ. ಹೋಲಿಕೆಯನ್ನು ಒಪ್ಪಬೇಕು, ಅತಿಶಯೋಕ್ತಿಯನ್ನು ಬಿಡಬೇಕು.

ತೊಂಬತ್ತಾರು ಎಂಬುದು ಸಮೃದ್ಧವಾಗಿ ಭಾಗವಾಗುವ ಸಂಖ್ಯೆ. ಆದ್ದರಿಂದ ನಮ್ಮ ಮಹಾಸಂಖ್ಯೆ ಏಕಕಾಲದಲ್ಲಿ ವರ್ಗವೂ ಹೌದು, ಘನವೂ ಹೌದು. ೨೮೧೪೭೪೯೭೬೭೧೦೬೫೬ ಇದರ ವರ್ಗಮೂಲ; ಬಾದಾಲವೇ ಇದರ ಘನಮೂಲ. ಪಣ್ಣಟ್ಠಿಯನ್ನು ಆರು ಬಾರಿ ಇಟ್ಟು ಗುಣಿಸಿದರೂ ಇದೇ ಬರುತ್ತದೆ. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ತೊಂಬತ್ತೇಳು ಮಾತ್ರ. ತನ್ನನ್ನು ಬಿಟ್ಟು ಉಳಿದ ತೊಂಬತ್ತಾರನ್ನೂ ಕೂಡಿಸಿದರೆ ಬರುವ ಮೊತ್ತ ಸರಿಯಾಗಿ ತನಗಿಂತ ಒಂದು ಕಡಿಮೆ.

ಇದೇ ಕಾಲದ ಇನ್ನೊಬ್ಬ ಗಣಿತಜ್ಞನನ್ನು ಇಲ್ಲಿ ನೆನೆಯಬೇಕು. ಅಮೋಘವರ್ಷನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸುವ ಮಹಾವೀರಾಚಾರ್ಯ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟು ‘ಮಹಾಕ್ಷೋಭ’ದಲ್ಲಿ ನಿಲ್ಲಿಸಿದ್ದಾನೆ. ಅವನಿಗೆ ಕಣ್ಣಿಗೆ ಕಾಣುವ ಸೌಂದರ್ಯ ಇಷ್ಟ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಬರುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಬಗೆಯ ಸಂಖ್ಯೆಗಳು ಅವನ ಗ್ರಂಥದಲ್ಲಿ ಹಾರಗಳಂತೆ ತೂಗುತ್ತವೆ. ನಮ್ಮ ಸಂಖ್ಯೆಗೆ ಅಂಥ ಹೊರಚೆಲುವಿಲ್ಲ. ಅದರ ಅಂಕಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಒಂದು ಕ್ರಮ ಹೊಳೆಯುವುದಿಲ್ಲ. ಅರ್ಧ ಮಾಡುತ್ತ ಹೋದವನಿಗೆ ಮಾತ್ರ ಅದು ತನ್ನ ಒಳಗನ್ನು ತೋರಿಸುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ಇದು ನಿಜವಾಗಿಯೂ ಮನುಷ್ಯರ ಸಂಖ್ಯೆಯೆ? ೨೦೨೨ರಲ್ಲಿ ಭೂಮಿಯ ಜನಸಂಖ್ಯೆ ೮೦೦ ಕೋಟಿಯನ್ನು ದಾಟಿತು. ಅದು ಹತ್ತು ಅಂಕಗಳ ಸಂಖ್ಯೆ. ಜೈನರ ಮನುಷ್ಯಲೋಕ ನಾವು ಬಲ್ಲ ಭೂಗೋಲವಲ್ಲ. ನಲವತ್ತೈದು ಲಕ್ಷ ಯೋಜನ ವ್ಯಾಸವುಳ್ಳ ಎರಡೂವರೆ ದ್ವೀಪಗಳ ಕ್ಷೇತ್ರ. ಆದ್ದರಿಂದ ನಮ್ಮ ಜನಗಣತಿಯನ್ನು ಹಿಡಿದು ಪ್ರಾಚೀನರನ್ನು ಗೇಲಿ ಮಾಡುವುದು ನ್ಯಾಯವಲ್ಲ. ಆದರೆ ಈ ಪ್ರಶ್ನೆಯನ್ನು ಕೇಳಲು ಇಪ್ಪತ್ತೊಂದನೆಯ ಶತಮಾನ ಬರಬೇಕಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಪರಂಪರೆಯ ಒಳಗೇ ನಿಂತು, ವೀರಸೇನ ಅದನ್ನು ಕೇಳಿದ್ದಾನೆ.

‘ಷಟ್ಖಂಡಾಗಮ’ದ ಸೂತ್ರ ಮನುಷ್ಯರ ಸಂಖ್ಯೆಗೆ ಮೇಲಿನ ಎಲ್ಲೆಯಾಗಿ ಕೋಟಿಯನ್ನು ನಾಲ್ಕು ಬಾರಿ ಇಟ್ಟು ಗುಣಿಸಿದ ಮೊತ್ತವನ್ನು ಹೇಳುತ್ತದೆ. ಅದು ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ, ಸ್ಥಾನಗಳು ಇಪ್ಪತ್ತೊಂಬತ್ತು. ನಮ್ಮ ಸಂಖ್ಯೆಯ ಸ್ಥಾನಗಳೂ ಅಷ್ಟೇ. ಸ್ಥಾನಗಳನ್ನು ಮಾತ್ರ ಎಣಿಸುವವನಿಗೆ ಎರಡೂ ಒಂದೇ ಎನಿಸಬಹುದು. ಆದರೆ ಇದು ಅದರ ಸುಮಾರು ಎಂಟರಷ್ಟು ದೊಡ್ಡದು, ಎಲ್ಲೆಯನ್ನು ಮೀರಿದ್ದು. ವೀರಸೇನನಿಗೆ ಈ ಸೂಕ್ಷ್ಮ ತಿಳಿದಿತ್ತು. ಅಲ್ಲಿಗೇ ನಿಲ್ಲದೆ ಅವನು ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕ ಹಾಕಿ, ಇಷ್ಟು ಜನ ಆ ನೆಲದಲ್ಲಿ ಹಿಡಿಸಲಾರರು ಎಂದು ತೋರಿಸಿ, ಇದನ್ನು ಮನುಷ್ಯರ ಸಂಖ್ಯೆಯೆಂದು ಒಪ್ಪಲು ನಿರಾಕರಿಸಿದ್ದಾನೆ. ಅವನ ವಾದ ನಿಂತಿರುವುದು ಎರಡು ಕಾಲುಗಳ ಮೇಲೆ: ಒಂದು ಸೂತ್ರ, ಇನ್ನೊಂದು ಗಣಿತ. ವ್ಯಾಖ್ಯಾನಕಾರನೆಂದರೆ ಮೂಲಕ್ಕೆ ತಲೆದೂಗುವವನು ಮಾತ್ರ ಎಂದು ಭಾವಿಸುವವರು ಈ ಪ್ರಸಂಗವನ್ನು ಮನನ ಮಾಡಬೇಕು.

ಹಾಗಾದರೆ ನೂರೈವತ್ತು ವರ್ಷಗಳ ಅನಂತರ ನೇಮಿಚಂದ್ರ ಅದೇ ಸಂಖ್ಯೆಯನ್ನು ಗಾಹೆಯಲ್ಲಿ ಉಳಿಸಿಕೊಂಡನಲ್ಲ? ಹೌದು, ಪರಂಪರೆಯಲ್ಲಿ ಎರಡು ಮತಗಳಿದ್ದವು, ಎರಡೂ ಉಳಿದುಬಂದವು. ಸಂಖ್ಯೆ ಯಾವುದರ ಎಣಿಕೆ ಎಂಬುದು ವಿವಾದದ ವಿಷಯ. ಆದರೆ ಸಂಖ್ಯೆ ಸರಿಯಾಗಿದೆಯೆ ಎಂಬುದು ವಿವಾದದ ವಿಷಯವಲ್ಲ. ಇವೆರಡನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಈಗ ಮೊದಲು ಹೇಳಿದ ಪಾಠಾಂತರದ ಮಾತಿಗೆ ಬರುತ್ತೇನೆ. ಈ ಗಾಹೆ ಸಾವಿರ ವರ್ಷ ಓಲೆಯಿಂದ ಓಲೆಗೆ ಕೈಯಿಂದ ಕೈಗೆ ದಾಟಿದೆ. ಓಲೆಗಳಲ್ಲಿ ‘ಪ’ಕ್ಕೂ ‘ವ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ಎಷ್ಟು ಕಡಿಮೆ ಅಂತರವೆಂಬುದು ಓದಿದವರಿಗೆ ಗೊತ್ತು. ಗಾಹೆಯ ಎಂಟನೆಯ ಅಕ್ಷರ ‘ವಿ’. ಕಂಠದ ಕೊನೆ ಮಸುಕಾಗಿ ಲಿಪಿಕಾರನೊಬ್ಬ ಅದನ್ನು ‘ಪಿ’ ಎಂದು ಬರೆದನೆನ್ನಿ. ನಾಲ್ಕು ಇದ್ದದ್ದು ಒಂದು ಆಯಿತು. ಮೂರು ಕೋಟಿ ಜನ ಕಾಣೆಯಾದರು. ಮಾತ್ರೆಗಳ ಲೆಕ್ಕ ಕೆಡಲಿಲ್ಲ, ಆದ್ದರಿಂದ ಛಂದಸ್ಸು ದೂರು ಹೇಳುವುದಿಲ್ಲ. ಅಂಕಗಳಿಗಾಗಿ ಜೋಡಿಸಿದ ಅಕ್ಷರಗಳಾದ್ದರಿಂದ ಅರ್ಥವೂ ನೆರವಿಗೆ ಬಾರದು. ಆದರೆ ಆ ತಪ್ಪು ಸಂಖ್ಯೆಯನ್ನು ಅರ್ಧ ಮಾಡುತ್ತ ಹೋಗಿ ನೋಡಿ. ಏಳು ಬಾರಿ ಆಗುವಷ್ಟರಲ್ಲಿ ಅದು ಬೆಸಸಂಖ್ಯೆಯಾಗಿ ನಿಂತುಬಿಡುತ್ತದೆ. ತೊಂಬತ್ತಾರಕ್ಕೆ ಇನ್ನೂ ಎಂಬತ್ತೊಂಬತ್ತು ಬಾಕಿ!

ಇದು ಆ ಒಂದು ಸ್ಥಾನದ ವಿಶೇಷವಲ್ಲ. ಒಂದು ಅಂಕ ತಪ್ಪಿದರೆ ಸಂಖ್ಯೆಯಲ್ಲಾಗುವ ವ್ಯತ್ಯಾಸ ಒಂದರಿಂದ ಒಂಬತ್ತರೊಳಗಿನ ಒಂದು ಅಂಕವನ್ನು ಹತ್ತರಿಂದ ಮತ್ತೆ ಮತ್ತೆ ಗುಣಿಸಿದಷ್ಟು. ಪ್ರತಿಯೊಂದು ಹತ್ತರಲ್ಲಿಯೂ ಎರಡು ಒಂದೇ ಬಾರಿ ಅಡಗಿದೆ. ಅತ್ಯಂತ ಎಡದ ಸ್ಥಾನಕ್ಕೆ ಇಪ್ಪತ್ತೆಂಟು ಹತ್ತುಗಳು. ಅಂಕದಲ್ಲಿ ಹೆಚ್ಚೆಂದರೆ ಎಂಟು, ಅಂದರೆ ಇನ್ನು ಮೂರು ಎರಡುಗಳು. ಒಟ್ಟು ಮೂವತ್ತೊಂದು. ಇಪ್ಪತ್ತೊಂಬತ್ತು ಅಂಕಗಳಲ್ಲಿ ಯಾವುದೊಂದು ತಪ್ಪಿದರೂ ಮೂವತ್ತೊಂದು ಅರ್ಧಗಳನ್ನು ದಾಟುವ ಮೊದಲೇ ತಪ್ಪು ಬಯಲಾಗಲೇಬೇಕು. ಹತ್ತನೆಯ ಶತಮಾನದ ಎರಡನೆಯ ಆರ್ಯಭಟ ಹೇಳಿದ ಒಂಬತ್ತರ ಪರೀಕ್ಷೆಯನ್ನೂ ಇಲ್ಲಿ ಬಳಸಬಹುದು. ನಮ್ಮ ಸಂಖ್ಯೆಯ ಅಂಕಗಳ ಮೊತ್ತ ೧೨೭. ಅವನ್ನು ಮತ್ತೆ ಕೂಡಿಸಿದರೆ ಹತ್ತು, ಕೊನೆಗೆ ಒಂದು. ಎರಡರ ಗುಣಾಕಾರದಿಂದ ಬರಬೇಕಾದ ಶೇಷವೂ ಒಂದೇ. ಆದರೆ ಅಂಕಗಳು ಸ್ಥಾನ ಬದಲಿಸಿಕೊಂಡರೆ ಒಂಬತ್ತರ ಪರೀಕ್ಷೆ ಅದನ್ನು ಕಾಣಲಾರದು, ಅರ್ಧಚ್ಛೇದ ಕಾಣುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತೊಂಬತ್ತಾರು ಬಾರಿ ಅರ್ಧವಾಗುವ ಸಂಖ್ಯೆಗಳಲ್ಲೆಲ್ಲ ಕಿರಿಯದು ಇದೇ. ಮುಂದಿನದು ಇದರ ಇಮ್ಮಡಿ. ಇದು ಏಳರಿಂದ ತೊಡಗುವುದರಿಂದ ಇಮ್ಮಡಿಸಿದೊಡನೆ ಮೂವತ್ತು ಅಂಕಗಳಾಗಿಬಿಡುತ್ತವೆ. ಹಾಗೆಂದರೇನು? ಇಪ್ಪತ್ತೊಂಬತ್ತು ಸ್ಥಾನಗಳಿದ್ದು ತೊಂಬತ್ತಾರು ಬಾರಿ ಅರ್ಧವಾಗುವ ಸಂಖ್ಯೆ ಜಗತ್ತಿನಲ್ಲಿ ಒಂದೇ ಒಂದು. ಗಾಹೆಯ ಎಲ್ಲ ಪ್ರತಿಗಳೂ ಗೆದ್ದಲಿಗೆ ತುತ್ತಾಗಿ ಈ ಎರಡು ಲಕ್ಷಣಗಳಷ್ಟೇ ಉಳಿದಿದ್ದರೂ ಇಪ್ಪತ್ತೊಂಬತ್ತು ಅಕ್ಷರಗಳ ಬೆಲೆಯನ್ನು ಒಂದೂ ಬಿಡದೆ ಮರಳಿ ಪಡೆಯಬಹುದಾಗಿತ್ತು. ಕಾವ್ಯದ ಯಾವ ಸಂಪಾದಕನಿಗೂ ಈ ಭಾಗ್ಯ ದೊರೆಯುವುದಿಲ್ಲ. ಪ್ರಾಚೀನರು ಲಿಪಿಕಾರರನ್ನು ಕಾಯಲೆಂದೇ ಹೀಗೆ ಮಾಡಿದರೆಂದು ನಾನು ವಾದಿಸುವುದಿಲ್ಲ. ಸಂಖ್ಯೆಯ ಗುಣವೇ ಅದರ ಕಾವಲಾಯಿತು ಎಂದಷ್ಟೇ ನನ್ನ ಮಾತು.

ಆದರೆ ಕಾವಲಿದ್ದರೆ ಸಾಕೆ? ಓದುಗರು ಬೇಡವೆ? ‘ಧವಲಾ’ದ ಪ್ರಾಚೀನ ಓಲೆಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಸಂಸ್ಕೃತ ಬೆರೆತ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳವರೆಗೆ ಅವು ದರ್ಶನದ ವಸ್ತುಗಳಾಗಿದ್ದವು, ಅಧ್ಯಯನದ ವಸ್ತುಗಳಾಗಿರಲಿಲ್ಲ. ಅಂದಿನವರ ಭಕ್ತಿಯನ್ನು ನಾನು ಹಳಿಯಲಾರೆ. ಅದಿಲ್ಲದಿದ್ದರೆ ಓಲೆಗಳೇ ಇರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ತೊಡಗಿತು. ಒಂದು ಪ್ರತಿ ಗುಟ್ಟಾಗಿ ಹೊರಗೆ ಹೋಗಿ ಉತ್ತರ ದೇಶವನ್ನು ಸೇರಿತು. ಅಂಥ ಪ್ರತಿಗಳಿಂದ ಹೀರಾಲಾಲ್ ಜೈನರು ೧೯೩೯ರಲ್ಲಿ ಮೊದಲ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದರು. ಅನಂತರ ಮೂಡುಬಿದಿರೆಯ ಮೂಲದೊಡನೆ ತಾಳೆ ನೋಡುವ ಅವಕಾಶವೂ ದೊರೆಯಿತು. ಹದಿನಾರು ಸಂಪುಟಗಳು ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ೧೯೪೨ರಲ್ಲಿ ಹೊರಬಂದ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ ಅವಧೇಶ ನಾರಾಯಣ ಸಿಂಗರು ‘ಧವಲಾ’ದ ಗಣಿತವನ್ನು ಕುರಿತು ಲೇಖನ ಬರೆದರು. ಓಲೆಗಳಲ್ಲಿ ಏನಿತ್ತೆಂಬುದು ಗಣಿತದ ಇತಿಹಾಸಕಾರರಿಗೆ ತಿಳಿದದ್ದು ಆಗ.

‘ಗೊಮ್ಮಟಸಾರ’ದ ಕಥೆ ನಮಗೆ ಇನ್ನೂ ಹತ್ತಿರದ್ದು. ಅದರ ಮೇಲೆ ೧೩೫೯ರಲ್ಲಿ ಕೇಶವವರ್ಣಿ ‘ಜೀವತತ್ತ್ವಪ್ರದೀಪಿಕೆ’ ಎಂಬ ವ್ಯಾಖ್ಯಾನವನ್ನು ಬರೆದ, ಕನ್ನಡದಲ್ಲಿ. ಗಾಹೆಗಳಲ್ಲಿ ಅಡಕವಾದ ಗಣಿತವನ್ನು ಸಂಕೇತಗಳ ಮೂಲಕ ಬಿಡಿಸಿ ತೋರಿಸುವ ಗ್ರಂಥ ಅದು. ಇನ್ನೊಬ್ಬ ನೇಮಿಚಂದ್ರ ಅದನ್ನು ಸಂಸ್ಕೃತಕ್ಕೆ ತಂದ; ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲ ಸಂಸ್ಕೃತದಿಂದ ತನ್ನ ನಾಡಿನ ಢೂಂಢಾರಿಗೆ ತಂದ. ಸಂಸ್ಕೃತ ವ್ಯಾಖ್ಯಾನವೇ ಕೇಶವವರ್ಣಿಯದೆಂಬ ಭಾವನೆ ಬಹುಕಾಲ ಇತ್ತು. ಮೂಲ ಕನ್ನಡದ್ದೆಂದು ಸಿದ್ಧಪಡಿಸಿದವರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಎ. ಎನ್. ಉಪಾಧ್ಯೆ. ಗಣಿತದ ಕಠಿನ ವಿಚಾರ ಕನ್ನಡದಿಂದ ಸಂಸ್ಕೃತಕ್ಕೂ ಅಲ್ಲಿಂದ ರಾಜಸ್ಥಾನಕ್ಕೂ ಹರಿದ ಈ ಮಾರ್ಗಕ್ಕೆ ನಮ್ಮ ಸಾಹಿತ್ಯಚರಿತ್ರೆಗಳು ಕೊಟ್ಟಿರುವ ಜಾಗ ಬಹಳ ಕಡಿಮೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವನ್ನೂ ನಾವು ಹೆಸರು ಹೇಳಿ ದಾಟುತ್ತೇವೆ, ತೆರೆದು ಓದುವುದಿಲ್ಲ. ಶಾಸ್ತ್ರವೆಂದು ಪಕ್ಕಕ್ಕಿಟ್ಟದ್ದರಲ್ಲಿ ಭಾಷೆಯ ಎಷ್ಟು ಶಕ್ತಿ ಅಡಗಿ ಕುಳಿತಿದೆಯೋ ಎಂಬ ಚಿಂತೆ ನನ್ನದು.

ಈ ಸಂಖ್ಯೆ ಹಳತಾಗಿ ಹೋಗಿಲ್ಲ. ಗಣಕಯಂತ್ರ ಎಲ್ಲವನ್ನೂ ಒಂದು ಮತ್ತು ಸೊನ್ನೆಗಳಲ್ಲಿ ಬರೆಯುತ್ತದೆ. ಹಣಕಾಸಿನ ಲೆಕ್ಕದಲ್ಲಿ ಕಾಸೂ ಸೋರಿಹೋಗದಂತೆ ಮೈಕ್ರೋಸಾಫ್ಟ್ ಸಂಸ್ಥೆ ರೂಪಿಸಿದ, ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ 'ಡೆಸಿಮಲ್' ಎಂಬ ಏರ್ಪಾಟಿನಲ್ಲಿ ಅಂಕಗಳಿಗಾಗಿ ತೊಂಬತ್ತಾರು ಮನೆಗಳಿವೆ. ಎಲ್ಲ ಮನೆಗಳಲ್ಲೂ ಒಂದನ್ನು ತುಂಬಿದರೆ ಬರುವ ಅತ್ಯಂತ ದೊಡ್ಡ ಸಂಖ್ಯೆಯ ಕೊನೆಯ ಮೂರು ಅಂಕಗಳು ೩೩೫. ಗಾಹೆಯ ಸಂಖ್ಯೆ ಮುಗಿಯುವುದು ೩೩೬ರಲ್ಲಿ; ಉಳಿದ ಇಪ್ಪತ್ತಾರು ಅಂಕಗಳೂ ಅವೇ. ಅದನ್ನು ರೂಪಿಸಿದವರು ನೇಮಿಚಂದ್ರನನ್ನು ಓದಬೇಕಾಗಿರಲಿಲ್ಲ. ಎರಡನ್ನು ತೊಂಬತ್ತಾರು ಬಾರಿ ಗುಣಿಸಿದ ಯಾರಿಗಾದರೂ, ಯಾವ ದೇಶದಲ್ಲಾದರೂ, ಸಿಗುವ ಉತ್ತರ ಒಂದೇ.

ಇದರಿಂದ ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಬೀಗುವ ಕಾರಣ ನನಗೆ ಕಾಣುವುದಿಲ್ಲ. ಮನುಷ್ಯರ ಎಣಿಕೆಯೆಂದು ಹೇಳಿದ ಸಂಖ್ಯೆ ಎಣಿಕೆಯಾಗಿ ನಿಲ್ಲಲಿಲ್ಲ. ಅದನ್ನು ಮೊದಲು ಹೇಳಿದವನು ಆ ಪರಂಪರೆಯ ವೀರಸೇನನೇ. ಆದರೂ ಒಪ್ಪದವರು ಅದನ್ನು ಓಲೆಯಿಂದ ಅಳಿಸಿಹಾಕಲಿಲ್ಲ, ಒಪ್ಪಿದವರು ಒಂದು ಅಂಕವನ್ನೂ ಅತ್ತಿತ್ತ ಮಾಡಲಿಲ್ಲ. ತಮಗೆ ಒಪ್ಪಿಗೆಯಾಗದ ಮಾತನ್ನೂ ಯಥಾವತ್ತಾಗಿ ಮುಂದಿನವರಿಗೆ ತಲಪಿಸಿ, ಅದರ ಪಕ್ಕದಲ್ಲಿಯೇ ತಮ್ಮ ಆಕ್ಷೇಪವನ್ನೂ ಬರೆದಿಡುವುದು ವಿದ್ವತ್ತಿನ ಮೊದಲ ಮರ್ಯಾದೆ. ಗುರುತು ಹಾಕಿಕೊಂಡಿರುವ ಕೇಳುಗರು ಬಿಡುವಾದಾಗ ಅರ್ಧ ಮಾಡುತ್ತ ಹೋಗಲಿ. ತೊಂಬತ್ತಾರನೆಯ ಸಾಲಿನಲ್ಲಿ ಒಂದು ಎಂಬ ಅಂಕ ಮಾತ್ರ ಉಳಿದರೆ, ಸಾವಿರ ವರ್ಷದ ಲಿಪಿಕಾರರೆಲ್ಲರ ಕೈಬರಹವನ್ನು ನೀವೇ ತಿದ್ದಿ ನೋಡಿ ಸರಿಯೆಂದು ಒಪ್ಪಿದಂತಾಯಿತು.